ಕರಿಗುಡ್ಡೆಯ ಹುಣ್ಣಿಗೆ ಹಳೆಯ ಮದ್ದೇ ಯಾಕೆ?

ಅಡಿಕೆ ಸೋಗೆಯ ತುದಿ ತಾಗಿರುತ್ತದೆ, ಇಲ್ಲವೇ ಭತ್ತದ ಹೊಟ್ಟು ಹಾರಿ ಕಣ್ಣಿಗೆ ಬಿದ್ದಿರುತ್ತದೆ. ಈಚೆಗೆ ಹುಲ್ಲು ಕತ್ತರಿಸುವ ಮೆಷಿನ್ನಿನಿಂದ ಏನೋ ಸಿಡಿಯಿತು ಎನ್ನುವವರೂ ಹೆಚ್ಚಾಗಿದ್ದಾರೆ. ಬೆಳ್ತಂಗಡಿ, ಪುತ್ತೂರು, ಕಾರ್ಕಳದ ಕಡೆಯಿಂದ ಮಂಗಳೂರಿಗೆ ನಮ್ಮಲ್ಲಿಗೆ ಬರುವ ಹೊತ್ತಿಗೆ ಅನೇಕರಿಗೆ ವಾರ ದಾಟಿರುತ್ತದೆ. ಕಣ್ಣು ಕೆಂಪಾಗಿ ನೀರು ಸುರಿಯುತ್ತಿರುತ್ತದೆ, ಬೆಳಕಿಗೆ ರೆಪ್ಪೆ ತೆರೆಯಲಾಗುವುದಿಲ್ಲ. ಕಷ್ಟಪಟ್ಟು ಬಿಡಿಸಿ ನೋಡಿದರೆ ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ. ಅದೇ ಹುಣ್ಣು. ಅಷ್ಟರಲ್ಲಿ ಕೈಚೀಲದಿಂದ ಒಂದೆರಡು ಬಾಟ್ಲಿಗಳು ಮೇಜಿನ ಮೇಲೆ ಬರುತ್ತವೆ. "ಡಾಕ್ಟ್ರೇ, ಮೆಡಿಕಲಿನಿಂದ ತಂದು ಹಾಕಿದ್ದು. ಎರಡು ದಿನ ಒಳ್ಳೆ ಕಡಿಮೆ ಇತ್ತು, ಮತ್ತೆ ಜಾಸ್ತಿ ಆಯ್ತು."

ಆ ಎರಡು ದಿನದ ಆರಾಮವೇ ನನಗೆ ಹೆಚ್ಚು ಚಿಂತೆ ಹುಟ್ಟಿಸುವುದು. ಅಂಥ ಬಾಟ್ಲಿಯಲ್ಲಿ ಸಾಮಾನ್ಯವಾಗಿ ಒಂದು ಆ್ಯಂಟಿಬಯೋಟಿಕ್ ಜೊತೆ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಸೇರಿರುತ್ತದೆ. ಸ್ಟೀರಾಯ್ಡ್ ಬಾವು ಇಳಿಸುತ್ತದೆ, ಹಾಗಾಗಿ ಕೆಂಪೂ ನೋವೂ ತಗ್ಗುತ್ತವೆ. ಆದರೆ ಬಾವು ಎಂದರೆ ಸೋಂಕಿನ ಜೊತೆ ದೇಹ ಹೋರಾಡುತ್ತಿದೆ ಎಂದರ್ಥ. ಆ ಹೋರಾಟ ನಿಂತರೆ, ಸೋಗೆ ಹೊಟ್ಟುಗಳ ಗೀರಿನಿಂದ ಒಳಹೊಕ್ಕಿರಬಹುದಾದ ಫಂಗಸ್, ಅಂದರೆ ಶಿಲೀಂಧ್ರ, ತಡೆಯಿಲ್ಲದೆ ಬೆಳೆಯುತ್ತದೆ. ಕಾರ್ನಿಯಾ, ಅಂದರೆ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರ, ನಡುವಿನಲ್ಲಿ ಸುಮಾರು ಅರ್ಧ ಮಿಲಿಮೀಟರ್ ದಪ್ಪ ಮಾತ್ರ. ಅಷ್ಟರಲ್ಲಿ ಫಂಗಸ್ ಆಳಕ್ಕಿಳಿಯಲು ಹೆಚ್ಚು ದಿನ ಬೇಕಾಗಿಲ್ಲ. ವೈದ್ಯರ ಚೀಟಿ ಇಲ್ಲದೆ ಇಂಥ ಡ್ರಾಪ್ಸ್ ಮಾರುವಂತಿಲ್ಲ ಎಂದು ಕಾನೂನು ಇದೆ. ಆದರೂ ಅವು ಕೈಗೆ ಸಿಗುತ್ತಿವೆ. ಇದನ್ನು ನಿಲ್ಲಿಸಿದರೆ ನಮ್ಮ ಜಿಲ್ಲೆಯಲ್ಲಿ ಎಷ್ಟೋ ಕಣ್ಣು ಉಳಿಯುತ್ತದೆ ಎಂದು ನಾನು ಖಚಿತವಾಗಿ ನಂಬುತ್ತೇನೆ.

ಕಾರ್ನಿಯಾದ ಹುಣ್ಣು ಬ್ಯಾಕ್ಟೀರಿಯಾದಿಂದಲೂ ಆಗುತ್ತದೆ, ಫಂಗಸ್‌ನಿಂದಲೂ ಆಗುತ್ತದೆ. ಮಧುರೈಯಲ್ಲಿ ನಡೆದು 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರೋಗಾಣು ಪತ್ತೆಯಾದ ಹುಣ್ಣುಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟಕ್ಕೆ ಫಂಗಸ್ ಕಾರಣವಾಗಿತ್ತು. ತಂಪು ದೇಶಗಳ ಪಠ್ಯಪುಸ್ತಕ ಓದಿ ಬಂದವರಿಗೆ ಇದು ದೊಡ್ಡ ಅಂಕಿ. ಬರಿಗಣ್ಣಿಗೆ ಎರಡೂ ಬಿಳಿ ಚುಕ್ಕೆಯೇ. ಒಣಗಿದಂತಿರುವ ಮೇಲ್ಮೈ, ಸುತ್ತ ಚದುರಿದ ಸಣ್ಣ ಚುಕ್ಕೆಗಳು ಹೀಗೆ ಕೆಲವು ಸುಳಿವುಗಳಿವೆ, ಆದರೆ ಅವನ್ನೇ ನಂಬಿ ಮದ್ದು ಬರೆಯಬಾರದು. ಅದಕ್ಕೇ ಮರಗಟ್ಟಿಸುವ ಡ್ರಾಪ್ಸ್ ಹಾಕಿ ಹುಣ್ಣನ್ನು ಮೆಲ್ಲನೆ ಕೆರೆದು ಗಾಜಿನ ಪಟ್ಟಿಗೆ ಹಾಕುತ್ತೇವೆ. ಮೇಲೆ ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಫಂಗಸ್ ಇದ್ದಲ್ಲಿ ಬಿದಿರಿನ ಗೆಣ್ಣಿನ ಹಾಗೆ ಅಡ್ಡಗೆರೆಯಿರುವ ಎಳೆಗಳು ಹಲವು ಬಾರಿ ಕೆಲವೇ ನಿಮಿಷದಲ್ಲಿ ಕಾಣುತ್ತವೆ. ಯಾವ ಜಾತಿಯದು ಎಂದು ತಿಳಿಯಬೇಕಾದರೆ ಬೆಳೆಸಿ ನೋಡಬೇಕು, ಅದಕ್ಕೆ ದಿನಗಳೇ ಹಿಡಿಯುತ್ತವೆ. "ಕಣ್ಣನ್ನು ಕೆರೆಯುವುದಾ?" ಎಂದು ಜೊತೆಗೆ ಬಂದ ಮನೆಯವರು ಹೆದರುತ್ತಾರೆ. ಕೆರೆಯದೆ ಮದ್ದು ಕೊಡುವುದೇ ಹೆಚ್ಚು ಅಪಾಯ ಎಂದು ಅವರಿಗೆ ಪ್ರತಿ ಸಲ ವಿವರಿಸಲು ನನಗೆ ಬೇಸರವಿಲ್ಲ.

ಫಂಗಸ್ ಎಂದು ಗೊತ್ತಾದ ಮೇಲೆ ನಾನು ಬರೆಯುವುದು ನ್ಯಾಟಮೈಸಿನ್ ಶೇ. 5ರ ಡ್ರಾಪ್ಸ್. "ಇದಕ್ಕಿಂತ ಹೊಸತು, ಇನ್ನೂ ಪವರ್ ಇರುವುದು ಇಲ್ಲವಾ ಡಾಕ್ಟ್ರೇ? ಖರ್ಚಾದರೂ ಅಡ್ಡಿಯಿಲ್ಲ" ಎಂದು ಕೇಳುವ ಮಕ್ಕಳಿದ್ದಾರೆ. ಅಪ್ಪನ ಕಣ್ಣಿನ ಮೇಲಿನ ಕಾಳಜಿ ಅದು. ಆ ಪ್ರಶ್ನೆಗೆ ಗಟ್ಟಿ ಉತ್ತರ ಇದೆ ಎನ್ನುವುದೇ ಕಣ್ಣಿನ ರೋಗಗಳ ಸಂಶೋಧನೆ ನಮ್ಮಂಥವರಿಗೆ ಕೊಟ್ಟ ದೊಡ್ಡ ಉಪಕಾರ.

ನ್ಯಾಟಮೈಸಿನ್ ಹಳೆಯದು. 1955ರಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತ್ಯದ ಮಣ್ಣಿನಲ್ಲಿದ್ದ ಒಂದು ಸೂಕ್ಷ್ಮಜೀವಿಯಿಂದ ಸಿಕ್ಕಿದ್ದು, ಅಮೆರಿಕದಲ್ಲಿ ಕಣ್ಣಿಗೆ ಬಳಸಲು ಅನುಮತಿ ಸಿಕ್ಕಿದ್ದು 1978ರಲ್ಲಿ. ಇದು ನೀರಿನಲ್ಲಿ ಕರಗುವುದಿಲ್ಲ, ಬಾಟ್ಲಿಯ ತಳದಲ್ಲಿ ಬಿಳಿ ಪುಡಿ ಕೂರುತ್ತದೆ, ಕಾರ್ನಿಯಾದ ಆಳಕ್ಕೆ ಸುಲಭವಾಗಿ ಇಳಿಯುವುದೂ ಇಲ್ಲ. 2002ರಲ್ಲಿ ವೊರಿಕೊನಜೋಲ್ ಎಂಬ ಹೊಸ ಫಂಗಸ್ ಮದ್ದು ಬಂತು. ಪ್ರಯೋಗಾಲಯದಲ್ಲಿ ಅನೇಕ ಫಂಗಸ್‌ಗಳ ಮೇಲೆ ಚೆನ್ನಾಗಿ ಕೆಲಸ ಮಾಡಿತು, ಕಣ್ಣಿನೊಳಕ್ಕೂ ಚೆನ್ನಾಗಿ ಇಳಿಯಿತು. ಜಗತ್ತಿನಾದ್ಯಂತ ಎಷ್ಟೋ ಕಣ್ಣಿನ ವೈದ್ಯರು ಅದರ ಕಡೆಗೆ ವಾಲಿದರು. ಲೆಕ್ಕಾಚಾರದಲ್ಲಿ ತಪ್ಪೇನೂ ಕಾಣುತ್ತಿರಲಿಲ್ಲ.

ಆದರೆ ರೋಗಿಯ ಕಣ್ಣಿನಲ್ಲಿ ಏನಾಗುತ್ತದೆ? ಅದನ್ನು ನೋಡಲು ಮಧುರೈಯ ಅರವಿಂದ್ ಕಣ್ಣಿನ ಆಸ್ಪತ್ರೆ ಮತ್ತು ಅದರ ಬಳಗದ ಆಸ್ಪತ್ರೆಗಳು ಸ್ಯಾನ್‌ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೊತೆ ಸೇರಿ 2010ರಲ್ಲಿ ಒಂದು ಪರೀಕ್ಷೆ ಶುರುಮಾಡಿದವು. ಫಂಗಸ್ ಹುಣ್ಣಿರುವ 368 ಮಂದಿಯನ್ನು ಸೇರಿಸಬೇಕೆಂದಿತ್ತು. ಯಾರಿಗೆ ಯಾವ ಮದ್ದು ಎಂಬುದನ್ನು ವೈದ್ಯರು ಆರಿಸಲಿಲ್ಲ, ರೋಗಿಯೂ ಆರಿಸಲಿಲ್ಲ; ಚೀಟಿ ಎತ್ತಿದ ರೀತಿಯಲ್ಲಿ ನ್ಯಾಟಮೈಸಿನ್ ಡ್ರಾಪ್ಸಿಗೊಂದು, ವೊರಿಕೊನಜೋಲ್ ಡ್ರಾಪ್ಸಿಗೊಂದು ಗುಂಪು ಮಾಡಲಾಯಿತು. ಮೂರು ತಿಂಗಳ ಬಳಿಕ ದೃಷ್ಟಿ ಅಳೆಯುವವರಿಗೂ ಯಾರು ಯಾವ ಗುಂಪು ಎಂದು ಗೊತ್ತಿರಲಿಲ್ಲ. 323 ಮಂದಿ ಸೇರಿದ್ದಾಗ, ಫಲಿತಾಂಶವನ್ನು ಹೊರಗಿನಿಂದ ಗಮನಿಸುತ್ತಿದ್ದ ಸ್ವತಂತ್ರ ಸಮಿತಿಯ ಸಲಹೆಯಂತೆ ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಲಾಯಿತು. ಕಾರಣ, ಕಾರ್ನಿಯಾ ತೂತಾಗುವುದು, ತುರ್ತಾಗಿ ಕಾರ್ನಿಯಾ ಕಸಿ ಮಾಡಬೇಕಾಗುವುದು ವೊರಿಕೊನಜೋಲ್ ಗುಂಪಿನಲ್ಲಿ ಸ್ಪಷ್ಟವಾಗಿ ಹೆಚ್ಚಿತ್ತು. 2013ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಟ್ಟಾರೆಯಾಗಿ ನ್ಯಾಟಮೈಸಿನ್ ಹಾಕಿಕೊಂಡವರ ದೃಷ್ಟಿ ಅಕ್ಷರಗಳ ಚಾರ್ಟಿನಲ್ಲಿ ಸರಾಸರಿ ಎರಡು ಸಾಲಿನಷ್ಟು ಮೇಲಿತ್ತು. ಗದ್ದೆ ತೋಟಗಳಲ್ಲಿ ಸಾಮಾನ್ಯವಾದ ಫ್ಯುಸೇರಿಯಂ ಎಂಬ ಫಂಗಸ್ ಇದ್ದವರಲ್ಲಿ ಈ ವ್ಯತ್ಯಾಸ ನಾಲ್ಕು ಸಾಲು. ನಾಲ್ಕು ಸಾಲು ಎಂದರೆ ಬಸ್ಸಿನ ಬೋರ್ಡು ಓದುವುದಕ್ಕೂ ಓದಲಾಗದೆ ಇರುವುದಕ್ಕೂ ಇರುವಷ್ಟು ಅಂತರ. ಇತರ ಫಂಗಸ್‌ಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ತೀವ್ರವಾದ ಹುಣ್ಣಿಗೆ ಡ್ರಾಪ್ಸ್ ಜೊತೆ ವೊರಿಕೊನಜೋಲ್ ಮಾತ್ರೆಯನ್ನೂ ಕೊಟ್ಟರೆ? ಭಾರತ ಮತ್ತು ನೇಪಾಳದ 240 ಮಂದಿಯಲ್ಲಿ ಅದನ್ನೂ ನೋಡಿದರು. 2016ರಲ್ಲಿ ಬಂದ ಉತ್ತರ: ಒಟ್ಟಾರೆಯಾಗಿ ಲಾಭವಿಲ್ಲ, ಅಡ್ಡಪರಿಣಾಮ ಮಾತ್ರ ಹೆಚ್ಚು. ಇನ್ನೊಂದು ಪರೀಕ್ಷೆ ನೇಪಾಳದ ಲಹಾನ್‌ನಲ್ಲಿ ನಡೆಯಿತು. ಅಗ್ಗವಾಗಿ ಎಲ್ಲ ಕಡೆ ಸಿಗುವ ಕ್ಲೋರ್‌ಹೆಕ್ಸಿಡಿನ್ ಎಂಬ ಸೋಂಕುನಾಶಕವನ್ನು ನ್ಯಾಟಮೈಸಿನ್‌ಗೆ ಬದಲಾಗಿ ಬಳಸಬಹುದೇ ಎಂದು 354 ರೋಗಿಗಳಲ್ಲಿ ನೋಡಿದರು. 2022ರಲ್ಲಿ ಪ್ರಕಟವಾದ ಅದರಲ್ಲೂ ನ್ಯಾಟಮೈಸಿನ್ನೇ ಮೇಲು. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಇದನ್ನು ಅಗತ್ಯ ಮದ್ದುಗಳ ಪಟ್ಟಿಗೆ ಸೇರಿಸಿದೆ. ಈ ಡ್ರಾಪ್ಸ್ ತಾಲೂಕು ಆಸ್ಪತ್ರೆಗಳಲ್ಲೂ ಯಾವಾಗಲೂ ಇರಬೇಕು ಎಂಬುದು ನನ್ನ ಒತ್ತಾಯ.

ಈ ಪರೀಕ್ಷೆಗಳಲ್ಲಿ ಸೇರಿದವರಲ್ಲಿ ಹೆಚ್ಚಿನವರು ಯಾರು ಗೊತ್ತೇ? ನಮ್ಮ ಪಕ್ಕದ ರಾಜ್ಯದ, ನೇಪಾಳದ ರೈತರು, ಕೂಲಿ ಮಾಡುವವರು. ಕಣ್ಣು ಉರಿಯುತ್ತಿರುವಾಗಲೂ ಅವರು ವಿವರ ಕೇಳಿ, ಒಪ್ಪಿ ಸಹಿ ಹಾಕಿದರು, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು. ಮೂರು ತಿಂಗಳ ಬಳಿಕ ಅಷ್ಟು ದೂರದಿಂದ ಬಸ್ಸು ಹತ್ತಿ ಮತ್ತೆ ತೋರಿಸಲು ಬಂದರು. ಇವತ್ತು ಸುಳ್ಯದ ಒಬ್ಬರ ಕಣ್ಣಿಗೆ ನಾನು ಧೈರ್ಯವಾಗಿ ಮದ್ದು ಬರೆಯುತ್ತಿರುವುದು ಅವರಿಂದಾಗಿ. ಅವರ ಬಗ್ಗೆ ನನಗೆ ತುಂಬ ಗೌರವ.

ನಮ್ಮಲ್ಲಿ ಅಧ್ಯಯನಕ್ಕೆ ಸೇರುತ್ತೀರಾ ಎಂದು ಕೇಳಿದರೆ ಮೊದಲು ಬರುವ ಮಾತು "ನಮ್ಮ ಮೇಲೆ ಪ್ರಯೋಗ ಮಾಡುವುದಾ?" ಕೇಳಬೇಕಾದ ಪ್ರಶ್ನೆಯೇ. ಯಾವ ಅಧ್ಯಯನವೇ ಆಗಲಿ, ನೈತಿಕ ಸಮಿತಿಯ ಒಪ್ಪಿಗೆ ಇದೆಯೇ ಎಂದು ಕೇಳಿ. ಮದ್ದಿನ ಪರೀಕ್ಷೆಯಾದರೆ ದೇಶದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಅದರ ಸಂಖ್ಯೆ ಇರಲೇಬೇಕು. 2009ರಿಂದ ಅದು ಕಡ್ಡಾಯ. ಒಪ್ಪಿಗೆ ಪತ್ರ ನಿಮಗೆ ತಿಳಿಯುವ ಭಾಷೆಯಲ್ಲಿರಬೇಕು. ತುಳು ಮಾತ್ರ ಬಲ್ಲ ಅಜ್ಜಿಗೆ ತುಳುವಿನಲ್ಲೇ ವಿವರಿಸಬೇಕು. ಬೇಡವೆಂದರೂ ಚಿಕಿತ್ಸೆ ನಿಲ್ಲದು, ನಡುವೆ ಬಿಟ್ಟುಹೋಗಲೂ ಅಡ್ಡಿಯಿಲ್ಲ. 2019ರ ನಿಯಮಗಳ ಪ್ರಕಾರ ಮದ್ದಿನ ಪರೀಕ್ಷೆಯಿಂದ ತೊಂದರೆಯಾದರೆ ಉಚಿತ ಚಿಕಿತ್ಸೆಯೂ ಪರಿಹಾರವೂ ಸಿಗಬೇಕು. ಇಷ್ಟು ಸರಿಯಿದ್ದರೆ ಸೇರುವ ಬಗ್ಗೆ ಮನಸ್ಸು ತೆರೆದು ಯೋಚಿಸಿ. ಮಂಗಳೂರು, ದೇರಳಕಟ್ಟೆ, ಮಣಿಪಾಲ ಹೀಗೆ ಇಷ್ಟು ಹತ್ತಿರದಲ್ಲಿ ಇಷ್ಟೊಂದು ವೈದ್ಯಕೀಯ ಕಾಲೇಜುಗಳಿರುವ ಜಾಗ ನಮ್ಮದು. ಎಲ್ಲರೂ ಕೂಡಿ, ಅಡಿಕೆ ತೋಟದವರ ಕಣ್ಣಿನ ಮೇಲೆಯೇ ಒಂದು ದೊಡ್ಡ ಅಧ್ಯಯನ ನಡೆಸಬೇಕೆಂದು ನನ್ನ ಆಸೆ.

ಗೀರು ಬಿದ್ದ ಮೊದಲ ದಿನದ ಬಗ್ಗೆ ಹೇಳಲೇಬೇಕು. ನೇಪಾಳದ ಭಕ್ತಪುರದಲ್ಲಿ ಊರಿನ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕಾರ್ನಿಯಾ ಗೀರಿದವರಿಗೆಲ್ಲ ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯೋಟಿಕ್ ಮುಲಾಮನ್ನು ಮೂರು ದಿನ ಹಾಕಿಸಿದರು. 18 ಗಂಟೆಯೊಳಗೆ ಶುರುಮಾಡಿದವರಲ್ಲಿ ಒಬ್ಬರಿಗೂ ಹುಣ್ಣಾಗಲಿಲ್ಲ. 2001ರಲ್ಲಿ ಈ ವರದಿ ಓದಿದವರೆಲ್ಲ ಹುರುಪುಗೊಂಡರು. ಮುಂದೆ ಅದೇ ದೇಶದ ಚಿತವನದಲ್ಲಿ, ಹೋಲಿಸಿ ನೋಡಲು ಕಾರ್ಯಕ್ರಮವಿಲ್ಲದ ಊರುಗಳನ್ನೂ ಇಟ್ಟುಕೊಂಡು ಬಹಳ ದೊಡ್ಡ ಮಟ್ಟದಲ್ಲಿ ಪರೀಕ್ಷಿಸಿದಾಗ, ಊರಿನ ಒಟ್ಟು ಹುಣ್ಣುಗಳ ಪ್ರಮಾಣ ಇಳಿದದ್ದು ಕಾಣಲಿಲ್ಲ. ಬೇಗ ಬಂದವರಿಗೆ ಉಪಯೋಗವಾಗುತ್ತದೆ, ಆದರೆ ಗೀರಿದ ಎಲ್ಲರೂ ಬೇಗ ಬರುವುದಿಲ್ಲ ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. ಸಣ್ಣ ಕಸ ತಾನೇ, ನಾಳೆ ನೋಡುವ ಎನ್ನುವುದು ಅಲ್ಲಿಯೂ ಇದೆ, ಇಲ್ಲಿಯೂ ಇದೆ.

ಆದ್ದರಿಂದ ಕಣ್ಣಿಗೆ ಏನಾದರೂ ಬಿದ್ದರೆ ಶುದ್ಧ ನೀರಿನಿಂದ ತೊಳೆಯಿರಿ, ಉಜ್ಜಬೇಡಿ. ಎದೆಹಾಲು, ನಂದಿಬಟ್ಟಲು ಹೂವಿನ ರಸ ಯಾವುದನ್ನೂ ಬಿಡಬೇಡಿ. ಸೆರಗಿನ ತುದಿಯಿಂದಲೋ ನಾಲಿಗೆಯಿಂದಲೋ ಕಸ ತೆಗೆಸಬೇಡಿ. ಚುಚ್ಚುವುದು ನಿಲ್ಲದಿದ್ದರೆ ಅದೇ ದಿನ ಕಣ್ಣಿನ ವೈದ್ಯರಿಗೆ ತೋರಿಸಿ. ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಎರಡೂ ಸರ್ಕಾರಿ ಆಸ್ಪತ್ರೆಗಳೇ. ಹುಲ್ಲು ಕತ್ತರಿಸುವವರು ಮುಖದ ಗುರಾಣಿ ಹಾಕದೆ ಮೆಷಿನ್ ಚಾಲೂ ಮಾಡಬೇಡಿ. ನಮ್ಮ ಸೆಕೆಗೆ ಅದು ಮಂಜಾಗುತ್ತದೆ ಎನ್ನುವುದು ನಿಜ. ಆಗಾಗ ನಿಲ್ಲಿಸಿ ಒರೆಸಿಕೊಳ್ಳಿ.

ನ್ಯಾಟಮೈಸಿನ್ ಶುರುವಾದವರಿಗೆ: ಪ್ರತಿ ಸಲವೂ ಬಾಟ್ಲಿಯನ್ನು ಚೆನ್ನಾಗಿ ಕುಲುಕಿ, ಇಲ್ಲವಾದರೆ ಮದ್ದು ತಳದಲ್ಲೇ ಉಳಿಯುತ್ತದೆ. ಮೊದಲ ವಾರ ಎಚ್ಚರವಿರುವಷ್ಟು ಹೊತ್ತು ಗಂಟೆಗೊಮ್ಮೆ ಹಾಕಬೇಕಾಗಬಹುದು, ಮನೆಯವರು ಸರದಿ ಮಾಡಿಕೊಳ್ಳಿ. ಹುಣ್ಣಿನ ಮೇಲೆ ಬಿಳಿ ಪುಡಿ ಅಂಟಿದ್ದು ಕಂಡರೆ ಗಾಬರಿ ಬೇಡ, ಅದು ಮದ್ದೇ. ನೋವು ಹೋಯಿತೆಂದು ಮೂರನೇ ದಿನ ನಿಲ್ಲಿಸಬೇಡಿ. ಫಂಗಸ್ ಹುಣ್ಣು ಮಾಯಲು ವಾರಗಳು ಬೇಕು, ಎಷ್ಟು ಎಂಬುದನ್ನು ಪ್ರತಿ ಭೇಟಿಯಲ್ಲಿ ಕಣ್ಣು ನೋಡಿಯೇ ಹೇಳುತ್ತೇವೆ.