ಬಾಡಿಗೆ ಪ್ಲಗಿನ್ ಮತ್ತು ಕಾಕಾ ಅವರ ದನಿ

ಪುಣೆಯ ಕೋಥ್ರೂಡ್‌ನಲ್ಲಿ ನಮ್ಮ ಮನೆ ಕೊನೆಯ ಮಹಡಿಯಲ್ಲಿದೆ, ಮೇಲೆ ಪತ್ರಾ ಹೊದಿಕೆ. ಮೂರು ವರ್ಷದ ಹಿಂದೆ ಜುಲೈನಲ್ಲಿ ಧಾರವಾಡದಿಂದ ಬಂದಿದ್ದ ಕಾಕಾ ಹಾರ್ಮೋನಿಯಂ ಹಿಡಿದು ಐದು ದಾಸರ ಪದ ಹಾಡಿದ್ದರು. ನಾನು ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡಿದ್ದೆ. ಒಂದು ಪ್ಲಗಿನ್, ಅಂದರೆ ರೆಕಾರ್ಡಿಂಗ್ ತಂತ್ರಾಂಶಕ್ಕೆ ಸಿಕ್ಕಿಸುವ ಸಣ್ಣ ತಂತ್ರಾಂಶ, ಹಾಕಿ ಮಳೆಯ ಸದ್ದು ತೆಗೆದಿದ್ದೆ, ಇನ್ನೊಂದರಿಂದ ದನಿಗೆ ಸ್ವಲ್ಪ ಗುಡಿಯೊಳಗಿನ ಗುಂಗು ಕೊಟ್ಟಿದ್ದೆ. ಎರಡೂ ತಿಂಗಳ ಬಾಡಿಗೆಯವು, ಆಮೇಲೆ ನಿಲ್ಲಿಸಿದ್ದೆ. ಈ ದೀಪಾವಳಿಗೆ ಕಾಕಾ ಮತ್ತೆ ಬಂದಾಗ ಆ ರೆಕಾರ್ಡಿಂಗಿನ ಪ್ರಾಜೆಕ್ಟ್ ಫೈಲು ತೆರೆದೆ. ಪ್ಲಗಿನ್ ಇದ್ದ ಜಾಗ ಬೂದು ಬಣ್ಣಕ್ಕೆ ತಿರುಗಿತ್ತು, ಲೈಸೆನ್ಸ್ ಮುಗಿದಿದೆ ಅಂತ ಒಂದು ಸಾಲು. ಪ್ಲೇ ಒತ್ತಿದರೆ ಪತ್ರಾ ಮೇಲೆ ಧೋ ಅಂತ ಮಳೆ.

“ಅಲ್ಲೋ ತಮ್ಮಾ, ನನ್ನ ದನಿಗಿಂತ ಮಳೀನ ಜಾಸ್ತಿ ಕೇಳಸ್ತದಲ್ಲ! ಹಾಡು ನಿನ್ನ ಕಂಪ್ಯೂಟರಿನಾಗ ಅದ, ಮತ್ತ ಅದರ ಕೀಲಿ ಯಾರ ಕಡೆ ಅದ?” ಅಂದರು.

ಸರಿಯಾದ ಪ್ರಶ್ನೆ. ಪ್ರಾಜೆಕ್ಟ್ ಫೈಲಿನಲ್ಲಿ ಪ್ಲಗಿನ್ ಇರುವುದಿಲ್ಲ. ಅದರ ಹೆಸರು ಮತ್ತು ಯಾವ ಗುಂಡಿ ಎಷ್ಟು ತಿರುಗಿತ್ತು ಅನ್ನೋದು ಮಾತ್ರ ಇರುತ್ತದೆ. ಹಾಡಿದ ದನಿ ಬೇರೆ ಫೈಲಿನಲ್ಲಿ ಹಸಿಯಾಗಿ ಹಾಗೇ ಉಳಿದಿರುತ್ತದೆ. ಪ್ರತಿ ಸಲ ಪ್ಲೇ ಒತ್ತಿದಾಗಲೂ ಪ್ಲಗಿನ್ ಹೊಸದಾಗಿ ಲೆಕ್ಕ ಮಾಡಿ ಅದನ್ನು ಬದಲಿಸುತ್ತದೆ. ಪ್ಲಗಿನ್ ಮುಷ್ಕರ ಹೂಡಿದರೆ ಹಸಿ ದನಿಯೇ ಗತಿ.

ಇಂಥ ಬಾಡಿಗೆ ಪ್ಲಗಿನ್ ಕ್ಲೌಡಿನಿಂದ, ಅಂದರೆ ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರಿನಿಂದ, ನಡೆಯುತ್ತದೆ ಅಂದ ಕೂಡಲೇ ನಮ್ಮ ಹಾಡು ದೂರದ ಸರ್ವರಿಗೆ ಹೋಗಿ ಅಲ್ಲಿ ಬದಲಾಗಿ ಬರುತ್ತದೆ ಅಂತ ತುಂಬಾ ಜನ ಅಂದುಕೊಳ್ಳುತ್ತಾರೆ. ದನಿಗಳನ್ನು ಹದ ಮಾಡಿ ಬೆರೆಸುವ ಮಿಕ್ಸಿಂಗ್ ಪ್ಲಗಿನ್‌ಗಳಲ್ಲಿ ಸಾಮಾನ್ಯವಾಗಿ ಹಾಗಾಗುವುದಿಲ್ಲ, ಅದಕ್ಕೆ ಬೆಳಕಿನ ವೇಗವೇ ಅಡ್ಡ. ಲ್ಯಾಪ್‌ಟಾಪ್ ದನಿಯನ್ನು ಸೆಕೆಂಡಿಗೆ 48,000 ಸಲ ಅಳೆಯುತ್ತದೆ ಅಂದುಕೊಳ್ಳಿ. 256 ಅಳತೆಗಳ ಒಂದು ಕಟ್ಟು ಅಂದರೆ ಸುಮಾರು 5 ಮಿಲಿಸೆಕೆಂಡ್. ಅಷ್ಟರೊಳಗೆ ಆ ಕಟ್ಟಿನ ಲೆಕ್ಕ ಮುಗಿಯಬೇಕು, ಇಲ್ಲದಿದ್ದರೆ ದನಿ ಟಕ್ ಟಕ್ ಅಂತ ತುಂಡಾಗುತ್ತದೆ. ಸರ್ವರ್ ಸಿಂಗಪುರದಲ್ಲಿದ್ದರೆ? ಇಲ್ಲಿಂದ ಸುಮಾರು 4,000 ಕಿ.ಮೀ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ, ಹೋಗಿ ಬರೋಕೇ 40 ಮಿಲಿಸೆಕೆಂಡ್ ಬೇಕು. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಸದ್ದು ಸುಮಾರು 14 ಮೀಟರ್ ಹೋಗುತ್ತದೆ. ತಬಲಾದವರನ್ನು 14 ಮೀಟರ್ ದೂರ ಕೂರಿಸಿ ಅವರ ಜೊತೆ ಹಾಡಿ ನೋಡಿ, ತಾಳ ಕೂಡುವುದಿಲ್ಲ. ಸರ್ವರ್ ಮುಂಬೈಯಲ್ಲೇ ಇದ್ದರೂ ಇಂಟರ್‌ನೆಟ್‌ನಲ್ಲಿ ಒಂದು ಕಟ್ಟು ಬೇಗ, ಇನ್ನೊಂದು ತಡ. ತಡವಾದರೂ ನಡೆಯೋ ಕೆಲಸಗಳು, ಅಂದರೆ ಮುಗಿದ ಹಾಡಿಗೆ ಕೊನೆಯ ಹದ ಕೊಡುವ ಮಾಸ್ಟರಿಂಗ್, ಹಾಡಿನಿಂದ ದನಿಯನ್ನು ಬೇರ್ಪಡಿಸೋದು, ಇಂಥವು ಮಾತ್ರ ನಿಜಕ್ಕೂ ಸರ್ವರಿನಲ್ಲಿ ಸುಸೂತ್ರವಾಗಿ ಆಗುತ್ತವೆ.

ಹಾಗಾದರೆ ಕ್ಲೌಡಿನಲ್ಲಿ ಇರೋದು ಮುಖ್ಯವಾಗಿ ಬೀಗ. ದುಡ್ಡು ಕಟ್ಟಿದಾಗ ಕಂಪನಿಯ ಸರ್ವರ್ ಒಂದು ಚಿಕ್ಕ ಚೀಟಿ ಕಳಿಸುತ್ತದೆ: ಯಾರ ಖಾತೆ, ಯಾವ ಕಂಪ್ಯೂಟರ್, ಯಾವ ದಿನದವರೆಗೆ. ಅದರ ಮೇಲೆ ಡಿಜಿಟಲ್ ಸಹಿ ಇರುತ್ತದೆ. ಸಹಿ ಹಾಕುವ ಗುಟ್ಟಿನ ಸಂಖ್ಯೆ ಕಂಪನಿಯ ಹತ್ತಿರ ಮಾತ್ರ. ಸಹಿ ಪರೀಕ್ಷಿಸುವ ಸಂಖ್ಯೆ ಪ್ಲಗಿನ್ ಒಳಗೇ ಇರುತ್ತದೆ. ಚೀಟಿಯಲ್ಲಿ ತಾರೀಖಿನ ಒಂದೇ ಒಂದು ಅಂಕಿ ತಿದ್ದಿದರೂ ಸಹಿ ಹೊಂದುವುದಿಲ್ಲ. ಇಂಟರ್‌ನೆಟ್ ಇಲ್ಲದೆ ಕೆಲವು ದಿನ ಪ್ಲಗಿನ್ ನಡೆಯೋದು ಈ ಚೀಟಿಯ ಬಲದಿಂದಲೇ. ಕಂಪ್ಯೂಟರಿನ ಗಡಿಯಾರ ಹಿಂದೆ ತಿರುಗಿಸಿದರೆ? ಕೊನೆಯ ಸಲ ಯಾವ ದಿನ ತೆರೆದಿತ್ತು ಅಂತ ಅನೇಕ ತಂತ್ರಾಂಶಗಳು ಬರೆದಿಟ್ಟುಕೊಂಡಿರುತ್ತವೆ.

ಬಾಡಿಗೆ ಪದ್ಧತಿಯೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಎರಡು ತಿಂಗಳ ಯಕ್ಷಗಾನ ರೆಕಾರ್ಡಿಂಗ್‌ಗೆ ಸಾವಿರಾರು ರೂಪಾಯಿಯ ಪ್ಲಗಿನ್ ಯಾಕೆ ಕೊಳ್ಳಬೇಕು, ಅಲ್ವಾ? ಸ್ಪ್ಲೈಸ್ ಅನ್ನೋ ಸಂಗೀತ ತಾಣದ ಕಂತಿನ ಪದ್ಧತಿ ನನಗೆ ಹಿಡಿಸಿತು: ಕಂತು ಪೂರ್ತಿ ತೀರಿದ ಮೇಲೆ ಪ್ಲಗಿನ್ ನಮ್ಮದೇ. ಎಫ್‌ಎಲ್ ಸ್ಟುಡಿಯೋ ಅನ್ನೋ ಸಂಗೀತ ತಂತ್ರಾಂಶವನ್ನು ಒಮ್ಮೆ ಕೊಂಡರೆ ಮುಂದಿನ ಆವೃತ್ತಿಗಳೂ ಉಚಿತ. ಪ್ಲಗಿನ್ ಮಾಡುವ ವೇವ್ಸ್ ಕಂಪನಿ 2023ರ ಮಾರ್ಚಿನಲ್ಲಿ ಮಾರೋದನ್ನೇ ನಿಲ್ಲಿಸಿ, ಇನ್ನು ಬರೀ ಚಂದಾ ಅಂದಿತು. ಬಳಕೆದಾರರು ಎಷ್ಟು ಸಿಟ್ಟಾದರು ಅಂದರೆ ಕೆಲವೇ ದಿನಗಳಲ್ಲಿ ಕಂಪನಿ ಮಾರಾಟವನ್ನು ವಾಪಸ್ ತಂದಿತು. ಹೊಸ ಕೆಲಸಕ್ಕೆ ಬಾಡಿಗೆ ಕೇಳಲಿ. ಮೂರು ವರ್ಷದ ಹಿಂದೆ ಬಾಡಿಗೆ ಕೊಟ್ಟೇ ಮುಗಿಸಿದ ಹಾಡನ್ನು ತೆರೆಯೋಕೂ ಮತ್ತೆ ದುಡ್ಡು ಕೇಳೋದು ನನಗೆ ಅನ್ಯಾಯ ಅನ್ನಿಸುತ್ತದೆ.

ಅವತ್ತೇ ಒಂದು ತಿಂಗಳ ಚಂದಾ ಕಟ್ಟಿದೆ. ಪ್ರತಿ ಟ್ರ್ಯಾಕನ್ನೂ ಪ್ಲಗಿನ್ ಬದಲಿಸಿದ ದನಿಯ ಸಮೇತ ವೇವ್ (WAV) ಅನ್ನೋ ಸಾದಾ ಆಡಿಯೋ ಫೈಲಾಗಿ ಎಕ್ಸ್‌ಪೋರ್ಟ್ ಮಾಡಿದೆ. ಆ ಫೈಲು ಯಾವ ಸರ್ವರನ್ನೂ ಕೇಳುವುದಿಲ್ಲ. ಗುಂಡಿಗಳ ಅಳತೆಯನ್ನು ವಹಿಯಲ್ಲಿ ಬರೆದಿಟ್ಟೆ. ಹಸಿ ರೆಕಾರ್ಡಿಂಗನ್ನು ಇನ್ನೊಂದು ಡ್ರೈವಿಗೆ ಹಾಕುತ್ತಿದ್ದಾಗ ಕಾಕಾ ಹೆಡ್‌ಫೋನ್ ತೆಗೆದು ಅಂದರು, “ಮಳಿ ಇದ್ದದ್ದೂ ನನಗೊಂದು ಕೊಡು ತಮ್ಮಾ. ಅವತ್ತು ಮಳಿ ಇತ್ತಲ್ಲ.”