ವಸೂಲಾಗದ ಸಾಲವನ್ನು ವಸೂಲಾಗದ್ದೆಂದು ಬರೆಯಲು ಹಿಡಿದ ಕಾಲ

ಸಂಸತ್ತಿನ ಅಧಿವೇಶನ ನಡೆದಾಗಲೆಲ್ಲ ಬ್ಯಾಂಕುಗಳ ವಸೂಲಾಗದ ಸಾಲದ ಬಗ್ಗೆ ಒಂದು ಪ್ರಶ್ನೆ, ಅದಕ್ಕೊಂದು ಲಿಖಿತ ಉತ್ತರ, ಮರುದಿನದ ಪತ್ರಿಕೆಗಳಲ್ಲಿ ಲಕ್ಷ ಕೋಟಿಗಳ ತಲೆಬರಹ ಇದ್ದೇ ಇರುತ್ತವೆ. 2023ರ ಆಗಸ್ಟ್‌ನಲ್ಲಿ ಸರ್ಕಾರ ನೀಡಿದ ಉತ್ತರದ ಪ್ರಕಾರ 2014–15ರಿಂದ ಒಂಬತ್ತು ಹಣಕಾಸು ವರ್ಷಗಳಲ್ಲಿ ವಾಣಿಜ್ಯ ಬ್ಯಾಂಕುಗಳು ‘ರೈಟ್ ಆಫ್’ ಮಾಡಿದ, ಅಂದರೆ ತಮ್ಮ ಲೆಕ್ಕದಿಂದ ಹೊರಗಿಟ್ಟ, ಸಾಲ 14.56 ಲಕ್ಷ ಕೋಟಿ ರೂಪಾಯಿ. ಇದನ್ನು ಕೆಲವರು ಉದ್ಯಮಿಗಳ ಸಾಲ ಮನ್ನಾ ಎನ್ನುತ್ತಾರೆ, ಇನ್ನು ಕೆಲವರು ಬರೀ ಲೆಕ್ಕಪತ್ರದ ಹೊಂದಾಣಿಕೆ ಎನ್ನುತ್ತಾರೆ. ಈ ನಡುವೆಯೇ ವಸೂಲಾಗದ ಸಾಲದ ಪ್ರಮಾಣ ಹತ್ತು ವರ್ಷಗಳಲ್ಲೇ ಕನಿಷ್ಠ ಮಟ್ಟಕ್ಕೆ ಇಳಿದಿದೆ ಎಂಬ ವರದಿಯೂ ಬರುತ್ತದೆ. ಇವೆಲ್ಲ ಒಟ್ಟಿಗೇ ನಿಜವಾಗಲು ಹೇಗೆ ಸಾಧ್ಯ ಎಂದು ತಿಳಿಯಬೇಕಾದರೆ, ಒಂದು ಸಾಲ ಕೆಟ್ಟಿತೆಂದು ಬ್ಯಾಂಕು ಯಾವಾಗ ಒಪ್ಪಿಕೊಳ್ಳುತ್ತದೆ ಎಂಬಲ್ಲಿಂದ ಆರಂಭಿಸಬೇಕು.

ಬ್ಯಾಂಕಿಗೆ ತಾನು ಕೊಟ್ಟ ಸಾಲವೇ ಆಸ್ತಿ, ಅದು ತರುವ ಬಡ್ಡಿಯೇ ಅದರ ದುಡಿಮೆ. ಬಡ್ಡಿ ಅಥವಾ ಕಂತು 90 ದಿನಗಳಿಗಿಂತ ಹೆಚ್ಚು ಕಾಲ ಬಾಕಿ ಉಳಿದರೆ ಆ ಆಸ್ತಿ ದುಡಿಯುತ್ತಿಲ್ಲವೆಂದು ಲೆಕ್ಕ. ಅದಕ್ಕಾಗಿಯೇ ಅದನ್ನು ಅನುತ್ಪಾದಕ ಆಸ್ತಿ ಅಥವಾ ಎನ್‌ಪಿಎ ಎನ್ನುತ್ತಾರೆ. ಬೆಳೆಸಾಲಕ್ಕೆ ಮಾತ್ರ ದಿನದ ಬದಲು ಹಂಗಾಮಿನ ಲೆಕ್ಕವಿದೆ: ಅಲ್ಪಾವಧಿ ಬೆಳೆಗೆ ಎರಡು ಹಂಗಾಮು, ದೀರ್ಘಾವಧಿ ಬೆಳೆಗೆ ಒಂದು. ಸಾಲ ಎನ್‌ಪಿಎ ಆದ ದಿನದಿಂದ ಕೈಗೆ ಬಾರದ ಬಡ್ಡಿಯನ್ನು ಆದಾಯವೆಂದು ಬರೆಯುವಂತಿಲ್ಲ, ಹಿಂದೆ ಹಾಗೆ ಬರೆದಿದ್ದರೆ ಅದನ್ನೂ ತೆಗೆಯಬೇಕು. ಜೊತೆಗೆ ಬರಬಹುದಾದ ನಷ್ಟಕ್ಕೆಂದು ಲಾಭದಲ್ಲಿ ಒಂದು ಪಾಲನ್ನು ತೆಗೆದಿಡಬೇಕು. ಅಡಮಾನವಿರುವ ಸಾಲವಾದರೆ ಮೊದಲ ವರ್ಷ ಶೇ 15, ನಂತರದ ವರ್ಷ ಶೇ 25, ಆಮೇಲಿನ ಎರಡು ವರ್ಷ ಶೇ 40, ಅದೂ ದಾಟಿದರೆ ಪೂರ್ತಿ ಮೊತ್ತ. 90ನೇ ದಿನಕ್ಕೂ 91ನೇ ದಿನಕ್ಕೂ ಸಾಲಗಾರನ ಸ್ಥಿತಿಯಲ್ಲಿ ಹೆಚ್ಚೇನೂ ಬದಲಾಗಿರುವುದಿಲ್ಲ, ಆದರೆ ಬ್ಯಾಂಕಿನ ಲಾಭ–ನಷ್ಟದ ಪಟ್ಟಿ ಬದಲಾಗಿಬಿಡುತ್ತದೆ. ಆದ್ದರಿಂದ ಆ ದಿನವನ್ನು ಹೇಗಾದರೂ ಮುಂದೂಡಬೇಕೆಂಬ ಒತ್ತಡ ಶಾಖೆಯಿಂದ ಹಿಡಿದು ಪ್ರಧಾನ ಕಚೇರಿಯವರೆಗೂ ಇರುತ್ತದೆ.

ಮುಂದೂಡುವ ಬಗೆಯನ್ನು ಅದರ ಅತಿ ಸಣ್ಣ ರೂಪದಲ್ಲಿ ನೋಡಬೇಕೆಂದರೆ ಗ್ರಾಮೀಣ ಶಾಖೆಗಳಲ್ಲಿ ಬೆಳೆಸಾಲದ ಗಡುವು ಮುಗಿಯುವ ದಿನಗಳನ್ನು ಗಮನಿಸಿದರೆ ಸಾಕು. ಮಳೆ ಕೈಕೊಟ್ಟ ವರ್ಷ ರೈತನ ಬಳಿ ಕಟ್ಟಲು ಹಣವಿರುವುದಿಲ್ಲ. ಆತ ಪರಿಚಯದವರಿಂದ ಎರಡು ಮೂರು ದಿನಗಳ ಮಟ್ಟಿಗೆ ಕೈಸಾಲ ತಂದು ಅಸಲು, ಬಡ್ಡಿ ಎರಡನ್ನೂ ಕಟ್ಟುತ್ತಾನೆ. ಬೆನ್ನಿಗೇ ಆ ಮೊತ್ತಕ್ಕೆ ಹೊಸ ಸಾಲ ಮಂಜೂರಾಗುತ್ತದೆ, ಕೈಸಾಲ ಕೊಟ್ಟವರಿಗೆ ಹಣ ವಾಪಸಾಗುತ್ತದೆ. ಶಾಖೆಯವರು ಇದನ್ನು ರಿನ್ಯೂವಲ್ ಎನ್ನುತ್ತಾರೆ. ಕಾಗದದಲ್ಲಿ ಹಳೆಯ ಸಾಲ ತೀರಿದೆ, ರೈತನೂ ಸುಸ್ತಿದಾರನಲ್ಲ. ಆದರೆ ಹೊಲದಿಂದ ಒಂದು ರೂಪಾಯಿಯೂ ಬ್ಯಾಂಕಿಗೆ ಬಂದಿಲ್ಲ. ಇದೇ ಕ್ರಮ ಸಾವಿರಾರು ಕೋಟಿಯ ಖಾತೆಗಳಲ್ಲಿ ನಡೆದಾಗ ಏನಾಗುತ್ತದೆ ಎಂಬುದೇ ಭಾರತದ ಬ್ಯಾಂಕುಗಳ ಇತ್ತೀಚಿನ ಇತಿಹಾಸದ ಮುಖ್ಯ ಭಾಗ.

1969ರಲ್ಲಿ 14 ಬ್ಯಾಂಕುಗಳೂ 1980ರಲ್ಲಿ ಮತ್ತೆ ಆರು ಬ್ಯಾಂಕುಗಳೂ ರಾಷ್ಟ್ರೀಕರಣಗೊಂಡ ಮೇಲೆ ಶಾಖೆಗಳು ಹಳ್ಳಿಗಳನ್ನು ತಲುಪಿದವು, ಸಾಲ ಮೇಳಗಳು ನಡೆದವು, ರೋಗಗ್ರಸ್ತ ಕಾರ್ಖಾನೆಗಳನ್ನು ಉಳಿಸಲೆಂದು ಮತ್ತೆ ಮತ್ತೆ ಸಾಲ ನೀಡಲಾಯಿತು. ಈ ಎರಡು ದಶಕಗಳಲ್ಲಿ ಎಷ್ಟು ಸಾಲ ಕೆಟ್ಟಿತ್ತೆಂಬುದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಬಾರದ ಬಡ್ಡಿಯನ್ನೂ ಬಂದಂತೆ ಬರೆದು ಲಾಭ ತೋರಿಸಲು ಅವಕಾಶವಿತ್ತು.

1991ರಲ್ಲಿ ಎಂ. ನರಸಿಂಹಂ ಅಧ್ಯಕ್ಷತೆಯ ಸಮಿತಿ ಕೊಟ್ಟ ವರದಿಯ ನಂತರ ರಿಸರ್ವ್ ಬ್ಯಾಂಕು ಹೊಸ ನಿಯಮ ತಂದಿತು. 1993ರ ಮಾರ್ಚ್‌ಗೆ ನಾಲ್ಕು ತ್ರೈಮಾಸಿಕ, 1994ಕ್ಕೆ ಮೂರು, 1995ಕ್ಕೆ ಎರಡು ತ್ರೈಮಾಸಿಕ ಬಾಕಿ ಉಳಿದ ಸಾಲವನ್ನು ಎನ್‌ಪಿಎ ಎಂದು ಗುರುತಿಸಬೇಕಾಯಿತು. 2004ರ ಮಾರ್ಚ್‌ನಿಂದ ಅದು 90 ದಿನಗಳಿಗೆ ಇಳಿಯಿತು. ಮೊದಲ ಎಣಿಕೆಯಲ್ಲೇ, ಅಂದರೆ 1993ರ ಮಾರ್ಚ್‌ನಲ್ಲಿ, ಸರ್ಕಾರಿ ಬ್ಯಾಂಕುಗಳು ಕೊಟ್ಟಿದ್ದ ಸಾಲದಲ್ಲಿ ಶೇ 23ರಷ್ಟು ಕೆಟ್ಟಿದೆ ಎಂದು ತಿಳಿದುಬಂತು. ಆ ಸಾಲಗಳು ಆ ವರ್ಷವೇ ಕೆಟ್ಟವಲ್ಲ, ಲೆಕ್ಕಕ್ಕೆ ಸಿಕ್ಕಿದ್ದು ಆ ವರ್ಷ. ಸರ್ಕಾರ ಆ ದಶಕದಲ್ಲಿ ಇಪ್ಪತ್ತು ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಬಂಡವಾಳ ತುಂಬಿತು. ಸಾಲ ವಸೂಲಾತಿ ನ್ಯಾಯಮಂಡಳಿಗಳಿಗೆ 1993ರಲ್ಲಿ, ನ್ಯಾಯಾಲಯಕ್ಕೆ ಹೋಗದೆ ಅಡಮಾನದ ಆಸ್ತಿ ವಶಪಡಿಸಿಕೊಳ್ಳುವ ಸರ್ಫೇಸಿ ಕಾಯ್ದೆಗೆ 2002ರಲ್ಲಿ ದಾರಿಯಾಯಿತು. ಹತ್ತು ವರ್ಷಗಳ ಈ ಶ್ರಮದಿಂದ ಬ್ಯಾಂಕುಗಳು ನಿಜಕ್ಕೂ ಚೇತರಿಸಿಕೊಂಡವು, ಮತ್ತು ಆ ಚೇತರಿಕೆಯ ವಿಶ್ವಾಸದಲ್ಲೇ ಮುಂದಿನ ಅಧ್ಯಾಯ ಆರಂಭವಾಯಿತು.

2004ರಿಂದ 2008ರವರೆಗಿನ ನಾಲ್ಕು ವರ್ಷಗಳಲ್ಲಿ ಬ್ಯಾಂಕುಗಳ ಸಾಲ ಎರಡೂವರೆ ಪಟ್ಟಿಗಿಂತ ಹೆಚ್ಚು ಬೆಳೆಯಿತು. ಆರ್ಥಿಕತೆ ವರ್ಷಕ್ಕೆ ಶೇ 9ರ ಆಸುಪಾಸಿನಲ್ಲಿ ಬೆಳೆಯುತ್ತಿತ್ತು. ವಿದ್ಯುತ್ ಸ್ಥಾವರ, ಹೆದ್ದಾರಿ, ಉಕ್ಕಿನ ಕಾರ್ಖಾನೆ, ದೂರಸಂಪರ್ಕ ಹೀಗೆ ಎಲ್ಲ ಕಡೆ ಯೋಜನೆಗಳು ಎದ್ದವು. ಇಂತಹ ದೀರ್ಘಾವಧಿ ಯೋಜನೆಗಳಿಗೆ ಸಾಲ ಕೊಡಲೆಂದೇ ಹಿಂದೆ ಪ್ರತ್ಯೇಕ ಅಭಿವೃದ್ಧಿ ಹಣಕಾಸು ಸಂಸ್ಥೆಗಳಿದ್ದವು. ಐಸಿಐಸಿಐ 2002ರಲ್ಲಿ ತನ್ನದೇ ಬ್ಯಾಂಕಿನೊಳಗೆ ವಿಲೀನವಾಯಿತು, ಐಡಿಬಿಐ 2004ರಲ್ಲಿ ವಾಣಿಜ್ಯ ಬ್ಯಾಂಕಾಗಿ ಬದಲಾಯಿತು. ಅವು ಬಿಟ್ಟ ಜಾಗವನ್ನು ಮೂರು ವರ್ಷ, ಐದು ವರ್ಷದ ಠೇವಣಿ ಪಡೆಯುವ ಸಾಮಾನ್ಯ ಬ್ಯಾಂಕುಗಳು ತುಂಬಬೇಕಾಯಿತು. ಹದಿನೈದು ಇಪ್ಪತ್ತು ವರ್ಷ ದುಡಿದು ತೀರಿಸಬೇಕಾದ ಯೋಜನೆಯ ಸಾಧ್ಯಾಸಾಧ್ಯತೆಯನ್ನು ಅಳೆಯುವ ಅನುಭವ ಅವುಗಳಲ್ಲಿ ಹೆಚ್ಚಿನವಕ್ಕೆ ಇರಲಿಲ್ಲ. ಹಲವು ಬ್ಯಾಂಕುಗಳು ಸೇರಿ ಸಾಲ ಕೊಡುವ ಒಕ್ಕೂಟದಲ್ಲಿ ಮುಂದಾಳುವಾದ ಬ್ಯಾಂಕು ಒಪ್ಪಿದರೆ ಉಳಿದವು ಅದರ ವರದಿಯನ್ನೇ ನಂಬಿ ಸಹಿ ಹಾಕಿದವು. ಪ್ರವರ್ತಕರು ಹಾಕಬೇಕಾದ ಬಂಡವಾಳದಲ್ಲೂ ಒಂದಷ್ಟು ಬೇರೆ ಕಂಪನಿಯ ಹೆಸರಿನಲ್ಲಿ ತಂದ ಸಾಲವೇ ಆಗಿರುತ್ತಿತ್ತು.

ಯೋಜನೆಗಳು ಎಡವಿದ್ದು ಒಂದೇ ಕಾರಣಕ್ಕಲ್ಲ. ಭೂಸ್ವಾಧೀನ, ಪರಿಸರ ಅನುಮತಿಗಳಿಗೆ ವರ್ಷಗಟ್ಟಲೆ ಹಿಡಿಯಿತು. 2008ರ ಜಾಗತಿಕ ಬಿಕ್ಕಟ್ಟಿನ ನಂತರ ಬೇಡಿಕೆ ಕುಸಿಯಿತು. 2010ರ ಮಾರ್ಚ್‌ನಿಂದ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿದರ, ಏರತೊಡಗಿ 2011ರ ಅಕ್ಟೋಬರ್ ಹೊತ್ತಿಗೆ ಶೇ 8.5 ತಲುಪಿತು. 2012ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ 122 ದೂರಸಂಪರ್ಕ ಪರವಾನಗಿಗಳನ್ನು ರದ್ದುಪಡಿಸಿತು, 2014ರ ಸೆಪ್ಟೆಂಬರ್‌ನಲ್ಲಿ 214 ಕಲ್ಲಿದ್ದಲು ಗಣಿ ಹಂಚಿಕೆಗಳನ್ನು ರದ್ದುಗೊಳಿಸಿತು. ಹಂಚಿಕೆಯಲ್ಲೇ ದೋಷವಿದ್ದುದರಿಂದ ಆ ತೀರ್ಪುಗಳು ಅನಿವಾರ್ಯವಾಗಿದ್ದವು. ಆದರೆ ಆ ಹಂಚಿಕೆಗಳನ್ನು ನಂಬಿ ಸಾಲ ಕೊಟ್ಟವರಿಗೆ ಹಿಂದಕ್ಕೆ ಹೋಗುವ ದಾರಿ ಇರಲಿಲ್ಲ. ಕರ್ನಾಟಕದವರಿಗೆ ಇದರ ಒಂದು ತುಣುಕು ಕಣ್ಣಾರೆ ಗೊತ್ತು. 2011ರ ಜುಲೈನಲ್ಲಿ ಬಳ್ಳಾರಿಯ ಗಣಿಗಾರಿಕೆ ನಿಂತಾಗ ಅದಿರು ಸಾಗಿಸುತ್ತಿದ್ದ ಲಾರಿಗಳು ರಸ್ತೆ ಬದಿಯಲ್ಲಿ ಸಾಲುಗಟ್ಟಿ ನಿಂತವು. ಗಣಿ ಅಕ್ರಮಕ್ಕೂ ತಮಗೂ ಸಂಬಂಧವಿಲ್ಲದ, ಒಂದೋ ಎರಡೋ ಲಾರಿಯನ್ನು ಸಾಲದ ಮೇಲೆ ಕೊಂಡಿದ್ದ ಮಾಲೀಕರು ಕಂತು ಕಟ್ಟಲಾಗದೆ ಸುಸ್ತಿದಾರರಾದರು.

ಇಷ್ಟಾದರೂ 2014ರವರೆಗೆ ಬ್ಯಾಂಕುಗಳ ಲೆಕ್ಕಪತ್ರದಲ್ಲಿ ಎನ್‌ಪಿಎ ಒಟ್ಟು ಸಾಲದ ಶೇ 4ರ ಒಳಗೇ ಇತ್ತು. ಹೇಗೆಂಬುದನ್ನು ಒಂದು ಕಲ್ಪಿತ ವಿದ್ಯುತ್ ಸ್ಥಾವರದ ಮೂಲಕ ನೋಡೋಣ. ಐದು ಸಾವಿರ ಕೋಟಿಯ ಯೋಜನೆಗೆ ಬ್ಯಾಂಕುಗಳು ಮೂರೂವರೆ ಸಾವಿರ ಕೋಟಿ ಕೊಟ್ಟಿವೆ ಎಂದುಕೊಳ್ಳಿ. ಕಲ್ಲಿದ್ದಲು ಸಿಗದೆ ಸ್ಥಾವರ ಎರಡು ವರ್ಷ ತಡವಾಗುತ್ತದೆ, ಆ ಎರಡು ವರ್ಷದ ಬಡ್ಡಿಯೂ ಯೋಜನೆಯ ವೆಚ್ಚಕ್ಕೆ ಸೇರುತ್ತದೆ. ಹೆಚ್ಚಿದ ವೆಚ್ಚಕ್ಕೆ ಮತ್ತೊಂದು ಸಾಲ ಮಂಜೂರಾಗುತ್ತದೆ, ಆ ಹಣದಿಂದಲೇ ಹಳೆಯ ಸಾಲದ ಬಡ್ಡಿ ಸಂದಾಯವಾಗುತ್ತದೆ. ಸ್ಥಾವರದಿಂದ ಒಂದು ಯೂನಿಟ್ ವಿದ್ಯುತ್ತೂ ಹೊರಬಂದಿಲ್ಲ; ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಬಡ್ಡಿ ಸಕಾಲಕ್ಕೆ ಬಂದಿದೆ. ಇದಕ್ಕೂ ಮೀರಿದರೆ ಸಾಲದ ಪುನರ್‌ರಚನೆ: ಅವಧಿ ವಿಸ್ತರಿಸಿ, ಬಡ್ಡಿ ಇಳಿಸಿ, ಕಂತಿಗೆ ವಿರಾಮ ಕೊಡುವುದು. 2008ರ ಬಿಕ್ಕಟ್ಟಿನ ಕಾಲದಲ್ಲಿ ಹೀಗೆ ಪುನರ್‌ರಚಿಸಿದ ಸಾಲವನ್ನು ಒಳ್ಳೆಯ ಸಾಲವೆಂದೇ ಬರೆಯಲು ನೀಡಿದ ವಿನಾಯಿತಿ 2015ರ ಮಾರ್ಚ್ ಕೊನೆಯವರೆಗೂ ಮುಂದುವರಿಯಿತು. ಮಳೆಯಿಲ್ಲದ ವರ್ಷದ ರೈತನಿಗೆ ಸಮಯ ಕೊಡುವುದು ಹೇಗೆ ನ್ಯಾಯವೋ, ತಾತ್ಕಾಲಿಕ ಸಂಕಷ್ಟದಲ್ಲಿರುವ ಉದ್ಯಮಕ್ಕೂ ಕೊಡುವುದು ನ್ಯಾಯವೇ. ಆದರೆ ಏಳು ವರ್ಷ ಉಳಿದ ವಿನಾಯಿತಿಯನ್ನು ತಾತ್ಕಾಲಿಕ ಎನ್ನಲಾಗದು, ಮತ್ತು ಈ ಇಡೀ ಇತಿಹಾಸದಲ್ಲಿ ಅತಿ ಹೆಚ್ಚು ನಷ್ಟ ತಂದ ನಿರ್ಧಾರವನ್ನು ಹುಡುಕುವುದಾದರೆ ಸಾಲ ಕೊಟ್ಟ ದಿನಕ್ಕಿಂತ ಈ ವರ್ಷಗಳನ್ನೇ ನೋಡಬೇಕು.

ರಘುರಾಂ ರಾಜನ್ ಗವರ್ನರ್ ಆಗಿದ್ದಾಗ, 2015ರ ದ್ವಿತೀಯಾರ್ಧದಲ್ಲಿ, ರಿಸರ್ವ್ ಬ್ಯಾಂಕು ದೊಡ್ಡ ಖಾತೆಗಳನ್ನು ತಾನೇ ಪರಿಶೀಲಿಸಿತು. ಆಸ್ತಿ ಗುಣಮಟ್ಟ ಪರಿಶೀಲನೆ ಎಂದು ಕರೆದ ಈ ಕ್ರಮದಲ್ಲಿ ಒಬ್ಬನೇ ಸಾಲಗಾರನನ್ನು ಒಂದು ಬ್ಯಾಂಕು ಎನ್‌ಪಿಎ ಎಂದೂ ಮತ್ತೊಂದು ಒಳ್ಳೆಯವನೆಂದೂ ಬರೆದುಕೊಳ್ಳಲು ಅವಕಾಶ ಉಳಿಯಲಿಲ್ಲ. 2015ರ ಮಾರ್ಚ್‌ನಲ್ಲಿ ಶೇ 4ಕ್ಕಿಂತ ತುಸು ಹೆಚ್ಚಿದ್ದ ಎನ್‌ಪಿಎ 2018ರ ಮಾರ್ಚ್ ಹೊತ್ತಿಗೆ ಶೇ 11 ದಾಟಿ, ಮೊತ್ತ 10 ಲಕ್ಷ ಕೋಟಿ ರೂಪಾಯಿ ಮೀರಿತು. ಅದರಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ದೊಡ್ಡ ಸಾಲಗಾರರದ್ದು, ಅಂದರೆ ಐದು ಕೋಟಿ ರೂಪಾಯಿ ಮೇಲ್ಪಟ್ಟ ಸಾಲ ಪಡೆದವರದ್ದು. ರೈತರ ಸಾಲ ಮನ್ನಾದಿಂದಲೇ ಬ್ಯಾಂಕುಗಳು ಮುಳುಗಿದವು ಎಂದು ವಾದಿಸುವಾಗ ಈ ಅಂಕಿಯನ್ನು ಮರೆಯಬಾರದು.

ಪರಿಣಾಮ ಕೇವಲ ಬ್ಯಾಂಕುಗಳಿಗೆ ಸೀಮಿತವಾಗಲಿಲ್ಲ. 2017–18ರಲ್ಲಿ 21 ಸರ್ಕಾರಿ ಬ್ಯಾಂಕುಗಳ ಪೈಕಿ 19 ನಷ್ಟ ತೋರಿಸಿದವು, ಒಟ್ಟು ನಷ್ಟ 85 ಸಾವಿರ ಕೋಟಿ ರೂಪಾಯಿಯ ಮೇಲಿತ್ತು. 11 ಬ್ಯಾಂಕುಗಳು ದುರ್ಬಲ ಬ್ಯಾಂಕುಗಳಿಗೆ ಕಡಿವಾಣ ಹಾಕುವ ರಿಸರ್ವ್ ಬ್ಯಾಂಕಿನ ‘ತ್ವರಿತ ಸರಿಪಡಿಸುವ ಕ್ರಮ’ದ ನಿರ್ಬಂಧಕ್ಕೆ ಒಳಗಾದವು. ಇಂತಹ ಬ್ಯಾಂಕಿನ ಶಾಖೆಗೆ ಹೋದ ಸಣ್ಣ ಕೈಗಾರಿಕೆಯವರು ಎಂದೂ ಕಂತು ತಪ್ಪಿಸಿದವರಲ್ಲದಿದ್ದರೂ ದುಡಿಮೆ ಬಂಡವಾಳದ ಮಿತಿ ಹೆಚ್ಚಿಸಿಕೊಳ್ಳಲಾಗದೆ ಮರಳಬೇಕಾಯಿತು, ಏಕೆಂದರೆ ಹೊಸ ಸಾಲಕ್ಕೆ ಬೇಕಾದ ಬಂಡವಾಳ ಹಳೆಯ ನಷ್ಟಕ್ಕೆ ಮೀಸಲಾಗಿತ್ತು. ರಿಸರ್ವ್ ಬ್ಯಾಂಕು ದರ ಇಳಿಸಿದರೂ ಸಾಲಗಾರನಿಗೆ ಪೂರ್ತಿ ಲಾಭ ತಲುಪದಿರಲು ಇದೂ ಒಂದು ಕಾರಣ. ಸರ್ಕಾರ 2017ರ ಅಕ್ಟೋಬರ್‌ನಲ್ಲಿ 2.11 ಲಕ್ಷ ಕೋಟಿ ರೂಪಾಯಿಯ ಮರುಬಂಡವಾಳ ಯೋಜನೆ ಘೋಷಿಸಿತು, ಅದರ ಬಹುಪಾಲು ತೆರಿಗೆದಾರರ ಹೆಗಲಿಗೇ ಬಿತ್ತು.

ಬಳಿಕ ವಿಲೀನಗಳು ನಡೆದವು. 2017–18ರಲ್ಲಿ ಲಾಭ ತೋರಿಸಿದ ಎರಡೇ ಸರ್ಕಾರಿ ಬ್ಯಾಂಕುಗಳಲ್ಲಿ ಮಂಗಳೂರಿನಲ್ಲಿ 1931ರಲ್ಲಿ ಹುಟ್ಟಿದ ವಿಜಯಾ ಬ್ಯಾಂಕೂ ಒಂದು. 2019ರ ಏಪ್ರಿಲ್ 1ರಂದು ಅದು ನಿರ್ಬಂಧದಲ್ಲಿದ್ದ ದೇನಾ ಬ್ಯಾಂಕಿನ ಜೊತೆಗೇ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ಮರುವರ್ಷ ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕುಗಳ ಫಲಕಗಳೂ ಇಳಿದವು. ಚೆನ್ನಾಗಿ ನಡೆದ ಬ್ಯಾಂಕೊಂದು ಬೇರೆಡೆಯ ದುರ್ಬಲತೆಗೆ ಆಸರೆಯಾಗಬೇಕಾದದ್ದು ಕರಾವಳಿಯ ಠೇವಣಿದಾರರ ಮನಸ್ಸಿನಲ್ಲಿ ಇಂದಿಗೂ ನೋವಾಗಿ ಉಳಿದಿದೆ.

2016ರ ದಿವಾಳಿ ಸಂಹಿತೆ ಆಟದ ನಿಯಮವನ್ನೇ ಬದಲಿಸಿತು. ಸಾಲ ತೀರಿಸದಿದ್ದರೆ ಕಂಪನಿಯೇ ಕೈತಪ್ಪಬಹುದೆಂಬ ಭಯ ಪ್ರವರ್ತಕರಲ್ಲಿ ಮೊದಲ ಬಾರಿಗೆ ಹುಟ್ಟಿತು. ಸುಸ್ತಿದಾರರು ಹಿಂಬಾಗಿಲಿನಿಂದ ತಮ್ಮದೇ ಕಂಪನಿಯನ್ನು ಅಗ್ಗಕ್ಕೆ ಕೊಳ್ಳದಂತೆ 2017ರ ನವೆಂಬರ್‌ನಲ್ಲಿ ತಿದ್ದುಪಡಿಯೂ ಆಯಿತು. ಅದೇ ವರ್ಷ ಜೂನ್‌ನಲ್ಲಿ ರಿಸರ್ವ್ ಬ್ಯಾಂಕು ದಿವಾಳಿ ಪ್ರಕರಣಗಳ ನ್ಯಾಯಮಂಡಳಿಗೆ ಒಯ್ಯಲು ಗುರುತಿಸಿದ 12 ಖಾತೆಗಳಲ್ಲೇ ಒಟ್ಟು ಎನ್‌ಪಿಎಯ ಸುಮಾರು ಕಾಲುಭಾಗವಿತ್ತು. ಕೆಲವು ಉಕ್ಕಿನ ಕಂಪನಿಗಳಿಂದ ಒಳ್ಳೆಯ ಮೊತ್ತ ಬಂತು. ಆದರೆ ತುಕ್ಕು ಹಿಡಿದ ಯಂತ್ರ, ಚದುರಿದ ಕೆಲಸಗಾರರು, ಹೋದ ಗ್ರಾಹಕರು ಇರುವ ಕಾರ್ಖಾನೆಗೆ ಯಾರೂ ಹೆಚ್ಚು ಬೆಲೆ ಕೊಡುವುದಿಲ್ಲ. ಬ್ಯಾಂಕುಗಳು ಬಾಕಿಯಲ್ಲಿ ಬಿಟ್ಟುಕೊಡಬೇಕಾದ, ‘ಹೇರ್‌ಕಟ್’ ಎಂದು ಟೀಕೆಗೆ ಗುರಿಯಾಗುವ ನಷ್ಟದ ಬಹುಪಾಲು ನ್ಯಾಯಮಂಡಳಿಗೆ ಬರುವ ಮೊದಲೇ, ಪುನರ್‌ರಚನೆಯ ವರ್ಷಗಳಲ್ಲೇ ಆಗಿಹೋಗಿತ್ತು.

ಈಗ ಆರಂಭದ ಒಗಟಿಗೆ ಮರಳಬಹುದು. ರೈಟ್ ಆಫ್ ಎಂದರೆ ಪೂರ್ತಿ ಮೊತ್ತವನ್ನು ಲಾಭದಿಂದ ತೆಗೆದಿಟ್ಟಾದ ಸಾಲವನ್ನು ಬ್ಯಾಲೆನ್ಸ್ ಶೀಟಿನಿಂದ ಹೊರಗಿಡುವುದು. ಸಾಲಗಾರನ ಹೊಣೆ, ಜಾಮೀನುದಾರನ ಹೊಣೆ, ಮೊಕದ್ದಮೆ ಎಲ್ಲವೂ ಉಳಿಯುತ್ತವೆ. ಮನ್ನಾದಲ್ಲಿ ಸಾಲಗಾರನ ಹೊಣೆಯೇ ಹೋಗಿ ಸರ್ಕಾರ ಬ್ಯಾಂಕಿಗೆ ಹಣ ಭರಿಸುತ್ತದೆ. ಆದ್ದರಿಂದ ಎರಡೂ ಒಂದೇ ಅಲ್ಲ. ಆದರೂ ರೈಟ್ ಆಫ್ ಆದ ಹಣದಲ್ಲಿ ವಾಪಸು ಬರುವುದು ಸಣ್ಣ ಪಾಲು ಮಾತ್ರ. ಹಾಗಾಗಿ ಅದನ್ನು ಬರೀ ತಾಂತ್ರಿಕ ಕ್ರಮ ಎಂದು ತಳ್ಳಿಹಾಕುವುದೂ ಜನರಿಗೆ ಅರ್ಧ ಮಾತನ್ನಷ್ಟೇ ಹೇಳಿದಂತೆ. 2024ರ ಮಾರ್ಚ್‌ನಲ್ಲಿ ಎನ್‌ಪಿಎ ಶೇ 3ರ ಕೆಳಗೆ ಇಳಿದದ್ದರಲ್ಲಿ ವಸೂಲಿ, ಹೊಸ ಸಾಲದ ಉತ್ತಮ ಗುಣಮಟ್ಟ, ರೈಟ್ ಆಫ್ ಮೂರೂ ಸೇರಿವೆ.

ಇಂದು ಒತ್ತಡ ಕಾಣುತ್ತಿರುವುದು ಬೇರೆ ದಿಕ್ಕಿನಲ್ಲಿ. ದೊಡ್ಡ ಉದ್ಯಮಗಳಿಂದ ಕೈಸುಟ್ಟುಕೊಂಡ ಬ್ಯಾಂಕುಗಳು ವೈಯಕ್ತಿಕ ಸಾಲ, ಕ್ರೆಡಿಟ್ ಕಾರ್ಡ್‌ಗಳತ್ತ ಹೊರಳಿದವು. ಅಡಮಾನವಿಲ್ಲದ ಈ ಸಾಲ ಅತಿ ವೇಗವಾಗಿ ಬೆಳೆಯುತ್ತಿದೆಯೆಂದು ರಿಸರ್ವ್ ಬ್ಯಾಂಕು 2023ರ ನವೆಂಬರ್‌ನಲ್ಲಿ ಅದಕ್ಕೆ ಹೆಚ್ಚು ಬಂಡವಾಳ ಇಡುವಂತೆ ಸೂಚಿಸಿತು. ಕಿರುಸಾಲ ವಸೂಲಿಯ ಕಿರುಕುಳ ಮಿತಿಮೀರಿ ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ಒಂದು ಸಂಘದ ವಾರದ ಕಂತನ್ನು ಮತ್ತೊಂದು ಸಂಸ್ಥೆಯ ಸಾಲದಿಂದ ಕಟ್ಟುವ ಮಹಿಳೆಯ ಪಾಸ್‌ಬುಕ್ಕಿನಲ್ಲೂ ಎಲ್ಲ ಕಂತುಗಳು ಸಕಾಲಕ್ಕೆ ಬಂದಿರುತ್ತವೆ. 2023ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು ಹೊರಡಿಸಿದ ಚರ್ಚಾಪತ್ರ ಈ ಸಮಸ್ಯೆಯ ಬೇರನ್ನು ಮುಟ್ಟುತ್ತದೆ. ಕಂತು ತಪ್ಪುವವರೆಗೆ ಕಾಯದೆ, ಸಾಲ ಕೊಟ್ಟಾಗಿನಿಂದಲೇ ಅದರಲ್ಲಿ ಎಷ್ಟು ಮುಳುಗಬಹುದೆಂದು ಅಂದಾಜಿಸಿ ಹಣ ತೆಗೆದಿಡಬೇಕೆಂಬುದು ಅದರ ಪ್ರಸ್ತಾವ. ಅದು ಜಾರಿಯಾದರೆ 91ನೇ ದಿನ ಕೇಳುತ್ತಿದ್ದ ಪ್ರಶ್ನೆಯನ್ನು ಬ್ಯಾಂಕು ಮಂಜೂರಾತಿ ಪತ್ರಕ್ಕೆ ಸಹಿ ಹಾಕುವಾಗಲೇ ಕೇಳಿಕೊಳ್ಳಬೇಕಾಗುತ್ತದೆ.