ಸರಾಸರಿ ಏರಿತು, ಮಕ್ಕಳು ದಪ್ಪವಾದರೇ? ಕೋವಿಡ್‌ಗೆ ಮೊದಲಿನ ಮತ್ತು ಕೋವಿಡ್ ಕಾಲದ ನವಜಾತ ಶಿಶುಗಳ ಅಳತೆ

ಹುಟ್ಟಿದ ಮಗುವಿನಲ್ಲಿ ಮುಖ್ಯವಾಗಿ ಅಳೆಯುವುದು ಮೂರನ್ನು: ತೂಕ, ಉದ್ದ, ತಲೆಯ ಸುತ್ತಳತೆ. ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾನದಂಡದಂತೆ ಗಂಡು ಮಗುವಿನ ಮಧ್ಯಾಂಕ (ಅರ್ಧ ಮಕ್ಕಳು ಇದಕ್ಕಿಂತ ಹೆಚ್ಚು, ಅರ್ಧ ಕಡಿಮೆ) 3.3 ಕಿಲೋ, 49.9 ಸೆಂ.ಮೀ. ಮತ್ತು 34.5 ಸೆಂ.ಮೀ. ಹೆಣ್ಣು ಮಗುವಿನದು 3.2 ಕಿಲೋ, 49.1 ಮತ್ತು 33.9. ತೂಕ 2,500 ಗ್ರಾಂಗಿಂತ ಕಡಿಮೆಯಿದ್ದರೆ ಅದು ಕಡಿಮೆ ಜನನ ತೂಕ. ಇಷ್ಟನ್ನು ಬಾಯಿಪಾಠ ಮಾಡಿಬಿಡಿ.

ಕಷ್ಟವಿರುವುದು ಅಳೆಯುವಲ್ಲಿ. ಉದ್ದ ನೋಡಲು ಇಬ್ಬರು ಬೇಕು: ಒಬ್ಬರು ತಲೆಯನ್ನು ಹಲಗೆಗೆ ತಾಗಿಸಿ ಹಿಡಿಯಬೇಕು, ಇನ್ನೊಬ್ಬರು ಮಡಚಿಕೊಂಡ ಮೊಣಕಾಲುಗಳನ್ನು ಮೆಲ್ಲಗೆ ನೇರ ಮಾಡಬೇಕು. ಹೆರಿಗೆಯ ಒತ್ತಡಕ್ಕೆ ತಲೆಯ ಆಕಾರ ಬದಲಾಗಿ ನೆತ್ತಿ ಊದಿರುತ್ತದೆ. ಆದ್ದರಿಂದ ಒಂದೆರಡು ದಿನ ಬಿಟ್ಟು ಮತ್ತೆ ಟೇಪು ಸುತ್ತುವುದು ಒಳ್ಳೆಯದು. ತೂಕದ ಕಾಲಂನಲ್ಲಿ 2,500 ಎಂಬ ದುಂಡು ಸಂಖ್ಯೆ ಅನುಮಾನ ಬರುವಷ್ಟು ಸಲ ಕಾಣಿಸಿಕೊಂಡರೆ, ಯಾರೋ 2,480ನ್ನು ‘ಸರಿ’ ಮಾಡಿದ್ದಾರೆ ಎಂದೇ ನಾನು ಓದುತ್ತೇನೆ. ಆ ಇಪ್ಪತ್ತು ಗ್ರಾಂಗೆ ಮಗು ಕಡಿಮೆ ತೂಕದವರ ಪಟ್ಟಿಯಿಂದಲೇ ಹೊರಗೆ.

ತೂಕವೊಂದೇ ಸಾಲದೇ? ಸಾಲದು. ಬಸಿರಿನ ಕೊನೆಯ ತಿಂಗಳುಗಳಲ್ಲಿ ಪೋಷಣೆ ಸಾಲದಿದ್ದರೆ ಮೊದಲು ಇಳಿಯುವುದು ತೂಕ. ಉದ್ದ ಮತ್ತು ತಲೆ ಬಹುಮಟ್ಟಿಗೆ ಉಳಿದುಕೊಳ್ಳುತ್ತವೆ. ಇದನ್ನು ಹಿಡಿಯಲು ಪಾಂಡರಲ್ ಸೂಚ್ಯಂಕವಿದೆ: ಗ್ರಾಂ ತೂಕವನ್ನು ನೂರರಿಂದ ಗುಣಿಸಿ, ಸೆಂ.ಮೀ. ಉದ್ದದ ಘನದಿಂದ ಭಾಗಿಸಿ. 50 ಸೆಂ.ಮೀ. ಉದ್ದದ, 2,500 ಗ್ರಾಂ ಮಗುವಿಗೆ ಸರಿಯಾಗಿ 2 ಬರುತ್ತದೆ; ಮೇಲಿನ ಮಧ್ಯಾಂಕದ ಗಂಡು ಮಗುವಿಗೆ ಸುಮಾರು 2.7. ತೂಕ ಗಡಿ ದಾಟಿದೆ, ಮಗು ಮಾತ್ರ ಬಡಕಲು.

ಮೂರನ್ನೂ ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಮೈಸೂರೇ ಸಾಕ್ಷಿ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಶಿಶುಗಳ ತೂಕ, ಉದ್ದ, ತಲೆಯಳತೆ ದಾಖಲಾಗುತ್ತಿತ್ತು. ದಶಕಗಳ ನಂತರ ಸಂಶೋಧಕರು ಆ ಮಕ್ಕಳನ್ನು ನಡುವಯಸ್ಸಿನಲ್ಲಿ ಹುಡುಕಿ, ಹುಟ್ಟಿದಾಗಿನ ಅಳತೆಗೂ ಹೃದ್ರೋಗ, ಮಧುಮೇಹಗಳಿಗೂ ನಂಟಿದೆಯೇ ಎಂದು ನೋಡಿದರು. ಬರೆದಿಟ್ಟ ದಾದಿಯರಿಗೆ ಇದರ ಕಲ್ಪನೆಯೂ ಇದ್ದಿರಲಾರದು.

ಈಗ ಕೋವಿಡ್. ಆ ಕಾಲದಲ್ಲಿ ತೂಕದ ಸರಾಸರಿ ಏರಿದ್ದರೆ ಮಕ್ಕಳು ದಪ್ಪವಾದರೆಂದೇ ಅರ್ಥವೇ? ಒಂದು ಕಲ್ಪಿತ ಲೆಕ್ಕ ಮಾಡೋಣ. ದೊಡ್ಡಾಸ್ಪತ್ರೆಯೊಂದರಲ್ಲಿ ಮೊದಲು ನೂರು ಹೆರಿಗೆ: ತಿಂಗಳು ತುಂಬಿದ 80 ಮಕ್ಕಳ ಸರಾಸರಿ 2,900 ಗ್ರಾಂ, ತುಂಬದ 20 ಮಕ್ಕಳದು 2,000. ಒಟ್ಟು ಸರಾಸರಿ 2,720. ಲಾಕ್‌ಡೌನ್ ಬಂತು, ವಾಹನವಿಲ್ಲ, ದೂರದ ತಾಲ್ಲೂಕುಗಳಿಂದ ಕಳುಹಿಸುತ್ತಿದ್ದ ತೊಡಕಿನ ಬಸಿರಿನವರು ಬರಲಿಲ್ಲ. ಈಗ 60 ಹೆರಿಗೆ: ತುಂಬಿದವರು 54, ತುಂಬದವರು 6, ಎರಡೂ ಗುಂಪಿನ ತೂಕ ಮೊದಲಿನದೇ. ಸರಾಸರಿ 2,810! ತೊಂಬತ್ತು ಗ್ರಾಂ ಏರಿದೆ, ಆದರೆ ಒಂದು ಮಗುವೂ ಒಂದು ಗ್ರಾಂ ಹೆಚ್ಚು ತೂಗಿಲ್ಲ. ಬಾರದವರ ಮಕ್ಕಳು ಎಲ್ಲಿ ಹುಟ್ಟಿದರು, ಬದುಕಿದರೇ ಎಂಬುದು ಆ ಸಂಖ್ಯೆಯಲ್ಲಿ ಇಲ್ಲ.

ಇದು ಬರಿಯ ಊಹೆಯಲ್ಲ. ನೇಪಾಳದ ಒಂಬತ್ತು ಆಸ್ಪತ್ರೆಗಳ 2020ರ ಅಧ್ಯಯನದಲ್ಲಿ ಲಾಕ್‌ಡೌನ್ ವೇಳೆ ಆಸ್ಪತ್ರೆ ಹೆರಿಗೆಗಳು ಅರ್ಧದಷ್ಟು ಕುಸಿದವು. ನವಜಾತ ಶಿಶುಗಳ ಮರಣ ಸಾವಿರಕ್ಕೆ 13ರಿಂದ 40ಕ್ಕೆ ಏರಿತು. ಅದೇ ಹೊತ್ತಿಗೆ ಡೆನ್ಮಾರ್ಕ್‌ನಿಂದ ಸಿಹಿಸುದ್ದಿ ಬಂದಿತ್ತು: 28 ವಾರಕ್ಕೂ ಮೊದಲೇ ಆಗುವ ಹೆರಿಗೆ ಶೇ. 90ರಷ್ಟು ಕಡಿಮೆ. ಸಾವಿರಕ್ಕೆ 2.19 ಇದ್ದದ್ದು 0.19 ಆಗಿತ್ತು. ಆದರೆ ಆ ಲಾಕ್‌ಡೌನ್ ಅವಧಿಯಲ್ಲಿ ಹುಟ್ಟಿದ್ದು ಐದು ಸಾವಿರ ಚಿಲ್ಲರೆ ಮಕ್ಕಳು. ಗುಣಿಸಿ ನೋಡಿ, 0.19 ಎಂದರೆ ಒಂದೇ ಒಂದು ಮಗು. ಎರಡು ಮೂರು ಹೆರಿಗೆ ಆಚೀಚೆ ಆಗಿದ್ದರೂ ತಲೆಬರಹ ಬೇರೆಯಾಗುತ್ತಿತ್ತು. 2023ರಲ್ಲಿ 26 ದೇಶಗಳ 5.2 ಕೋಟಿ ಜನನಗಳನ್ನು ಒಟ್ಟುಗೂಡಿಸಿದಾಗ, ಲಾಕ್‌ಡೌನಿನ ಮೊದಲ ಮೂರು ತಿಂಗಳಲ್ಲಿ ಅವಧಿಪೂರ್ವ ಹೆರಿಗೆ ಇಳಿದದ್ದು ಶೇ. 3–4ರಷ್ಟು ಮಾತ್ರ.

ಹಾಗಾಗಿ ಎರಡು ಕಾಲದ ಅಳತೆಗಳನ್ನು ಹೋಲಿಸುವ ಪ್ರಬಂಧ ಕೈಗೆ ಬಂದರೆ ಮೊದಲು ಒಟ್ಟು ಹೆರಿಗೆಗಳ ಸಂಖ್ಯೆ ನೋಡಿ, ನಂತರ ಗರ್ಭಾವಧಿಯ ಕಾಲಂ. 38ನೇ ವಾರದ ಮಗುವನ್ನು 38ನೇ ವಾರದ ಮಗುವಿನೊಂದಿಗೇ ತೂಗಬೇಕು. ಅದಕ್ಕೂ ಒಂದು ಪೇಚಿದೆ: ಮೊದಲ ತಿಂಗಳುಗಳ ಸ್ಕ್ಯಾನ್ ತಪ್ಪಿಹೋಗಿದ್ದರೆ, ತಾಯಿ ಕಾರ್ಡಿನಲ್ಲಿ ಬರೆದ ವಾರಗಳ ಲೆಕ್ಕ ನಿಂತಿರುವುದು ಕೊನೆಯ ಮುಟ್ಟಿನ ದಿನದ ನೆನಪಿನ ಮೇಲೆ, ಆ ನೆನಪೋ ಎಷ್ಟೋ ಸಲ ‘ಹಬ್ಬಕ್ಕೆ ಎರಡು ದಿನ ಮುಂಚೆ’ ಎಂಬಷ್ಟೇ ಆಗಿರುತ್ತದೆ.